ಅಗಸಿ ಚಟ್ನಿಯ ಪುಟದ ಕೆಳಗಿನ ಸಾಲು

ಗದಗ-ಬೆಟಗೇರಿ
೩೧ ಜೂನ್ ೨೧೭೮, ಬಿಡುವಿನ ದಿನ

ಅಜ್ಜಿ ನಿಂಗವ್ವನಿಗೆ, ನಿನ್ನ ಮಗಳ ಮರಿಮಗಳ ಮಗಳು ಕಸ್ತೂರೆವ್ವ ಮಾಡುವ ಶರಣು.

ಮೊದಲು ತಾರೀಖಿನ ಮಾತು ಮುಗಿಸಿಬಿಡುತ್ತೇನೆ. ಜೂನ್ ತಿಂಗಳಿಗೆ ಮೂವತ್ತೇ ದಿನ ಎಂದು ನೀನು ಗೋಡೆಯ ಕ್ಯಾಲೆಂಡರ್ ತೋರಿಸಿ ನಗಬಹುದು. ನಮ್ಮ ಕಾಲದಲ್ಲಿ ಜುಲೈಯಿಂದ ಒಂದು ದಿನ ಕಿತ್ತು ಜೂನ್‌ಗೆ ಅಂಟಿಸಿದ್ದಾರೆ. ಆ ದಿನ ಯಾರೂ ದುಡಿಯುವಂತಿಲ್ಲ, ಎಲ್ಲರೂ ಹೋಗಿ ಡಾಕ್ಟರಿಗೆ ಎದೆ ತೋರಿಸಿಕೊಂಡು ಬರಬೇಕು. ಅದಕ್ಕೆ ಬಿಡುವಿನ ದಿನ ಎಂದು ಹೆಸರು. ಜುಲೈಯಿಂದಲೇ ಯಾಕೆ ಕಿತ್ತರು ಎಂದು ಕೇಳಬೇಡ. ಸರ್ಕಾರಗಳು ನಿನ್ನ ಕಾಲದಲ್ಲಿ ಇದ್ದ ಹಾಗೆಯೇ ಈಗಲೂ ಇವೆ. ನಮ್ಮ ಮಾತೂ ಬಹಳ ಬದಲಾಗಿದೆ. ಇದನ್ನು ನಿನ್ನ ಕಾಲದ ಕನ್ನಡದಲ್ಲಿ ಬರೆಯಲು ಆರು ತಿಂಗಳು ಹಳೆಯ ಕಾಗದಗಳನ್ನು ಓದಿ ಕಲಿತಿದ್ದೇನೆ. ಆದರೂ ಅಲ್ಲಲ್ಲಿ ವಿಚಿತ್ರ ಪದ ನುಸುಳಿದರೆ ಹೊಟ್ಟೆಗೆ ಹಾಕಿಕೊ.

ಇನ್ನೊಂದು. ಅಜ್ಜಿ ಎಂದು ಕರೆದೆನೆಂದು ಸಿಟ್ಟಾಗಬೇಡ. ನಿನಗೀಗ ನಲವತ್ತೆರಡು, ನನಗೆ ಎಪ್ಪತ್ತೊಂದು. ನ್ಯಾಯವಾಗಿ ನೋಡಿದರೆ ನೀನೇ ನನಗೆ ಅಜ್ಜಿ ಅನ್ನಬೇಕು. ಈ ಕಾಗದ ನಿನಗೆ ಬರುತ್ತಿರುವುದು ಹಿಂದಂಚೆಯಲ್ಲಿ. ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಂದು ಮನೆತನಕ್ಕೆ ಒಂದೇ ಕಾಗದ, ಮುಟ್ಟುತ್ತದೆ ಎಂದು ಯಾರೂ ಖಾತ್ರಿ ಕೊಡುವುದಿಲ್ಲ. ಹೆಸರು ಬರೆಸಲು ಹೋದಾಗ ಅಲ್ಲಿನ ಗುಮಾಸ್ತೆ ನನ್ನನ್ನು ಕೂರಿಸಿಕೊಂಡು, "ಅಮ್ಮಾರ, ಹಿಂದಿಂದು ಬದಲಾತಂದ್ರ ಇಲ್ಲಿಂದೂ ಬದಲಾಗಬಹುದ್ರಿ. ನಿಮ್ಮ ಮಂದೀನ ಇಲ್ಲದಂಗ ಆಗಬಹುದು. ನಾಕು ದಿನ ವಿಚಾರ ಮಾಡ್ರಿ" ಎಂದಳು. ನಾನು ನಾಲ್ಕು ದಿನವಲ್ಲ, ಎರಡು ವರ್ಷ ವಿಚಾರ ಮಾಡಿದೆ. ಏನು ತೀರ್ಮಾನಿಸಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ, ಅವಸರ ಮಾಡಬೇಡ.

ಇವತ್ತು ನನ್ನ ಮಗ ಅಡಿವೆಪ್ಪನಿಗೆ ಐವತ್ತು ತುಂಬಿತು. ನಮ್ಮ ಓಣಿಯಲ್ಲಿ ಯಾರಿಗೆ ಐವತ್ತು ತುಂಬಿದರೂ ಐವತ್ತರ ಊಟ ಹಾಕುತ್ತಾರೆ. ಓಣಿಗೆ ಓಣಿಯೇ ಸಾಲಾಗಿ ಕೂತು ಉಣ್ಣುತ್ತದೆ, ಸಾಲಿನ ಕೊನೆಗೆ ಒಂದು ತಾಟು ಬಡಿಸಿ ಯಾರೂ ಮುಟ್ಟದೆ ಬಿಡುತ್ತಾರೆ. ಆ ತಾಟು ನಿನ್ನ ಗಂಡ ಗುರುಶಾಂತಪ್ಪನದು. ಬೇರೆ ಮನೆಯವರಿಗೆ ಆ ಹೆಸರು ಯಾರದೆಂದು ಗೊತ್ತಿಲ್ಲ, ಆದರೂ "ಗುರುಶಾಂತಜ್ಜನ ತಾಟು ಇಟ್ರೇನ?" ಎಂದು ಕೇಳದೆ ತುತ್ತು ಎತ್ತುವುದಿಲ್ಲ. ಈ ಪದ್ಧತಿ ಹಾಕಿದವಳು ನೀನೇ, ನಿನ್ನ ಮಗನಿಗೆ ಐವತ್ತು ತುಂಬಿದ ದಿನ. ಗುರುಶಾಂತಜ್ಜನಿಗೆ ಐವತ್ತು ಆಗಲಿಲ್ಲ. ನಲವತ್ತೇಳಕ್ಕೇ ಹೋದ. ಇದನ್ನು ಹೀಗೆ ಕಾಗದದಲ್ಲಿ ತಿಳಿಸಿದ್ದಕ್ಕೆ ಕ್ಷಮಿಸು. ಆದರೆ ನೀನು ಓದುವ ಹೊತ್ತಿಗೆ ಅವನಿನ್ನೂ ಇದ್ದಾನೆ, ಬಹುಶಃ ಹೊರಗೆ ಬಂಡಿ ಒರೆಸುತ್ತ ನಿಂತಿದ್ದಾನೆ. ಅದಕ್ಕೇ ಈ ಕಾಗದ.

ನಿಮ್ಮ ಮಿರ್ಚಿ ಬಂಡಿಯ ವಿಷಯ ನನಗೆ ಚೆನ್ನಾಗಿ ಗೊತ್ತು. ಸಂಜೆ ಐದಕ್ಕೆ ಕಡಾಯಿ ಏರುತ್ತದೆ, ಏಳರ ಹೊತ್ತಿಗೆ ಜನ ಮುಗಿಬೀಳುತ್ತಾರೆ, ಚುರುಮುರಿಯ ಗಿರ್ಮಿಟ್ ಕಲಸಿ ಕಲಸಿ ನಿನ್ನ ಮೊಣಕೈ ಹಿಡಿದುಕೊಳ್ಳುತ್ತದೆ. ಅಂಗಡಿ ಮುಚ್ಚುವಾಗ ಕಡಾಯಿಯಲ್ಲಿ ಉಳಿದ ಎಣ್ಣೆಯನ್ನು ಚೆಲ್ಲಲು ಮನಸ್ಸಾಗದೆ ಸೋಸಿ ಮನೆಗೆ ತರುತ್ತೀರಿ, ಮರುದಿನದ ಪಲ್ಯಕ್ಕೂ ಸಾರಿಗೂ ಅದೇ ಒಗ್ಗರಣೆ. ನಾಲ್ಕು ಸಲ ಕಾದು ಕಪ್ಪಾದ ಎಣ್ಣೆ, ಅಜ್ಜಿ! ಊರಿನ ಜನ ವಾರಕ್ಕೊಮ್ಮೆ ತಿಂದದ್ದನ್ನು ನೀವು ದಿನಾ ಎರಡು ಹೊತ್ತು ಉಂಡಿರಿ. ಯಾರಾದರೂ ಎದೆ ಬೇನೆಯ ಮಾತೆತ್ತಿದರೆ ಗುರುಶಾಂತಜ್ಜ, "ನಾವೇನು ಖಂಡ ತಿನ್ನೂ ಮಂದಿ ಏನ? ಬರೇ ಕಾಯಿಪಲ್ಲೆ ತಿಂತೀವಿ, ನಮಗ್ಯಾಕ ಅದೆಲ್ಲಾ ಬರತೈತಿ" ಎನ್ನುತ್ತಿದ್ದನಂತೆ. ಸಸ್ಯಾಹಾರಿ ಎಂಬ ಒಂದು ಮಾತು ನಿಮ್ಮನ್ನು ಕಾಯುತ್ತದೆ ಎಂದು ನಂಬಿಬಿಟ್ಟಿರಿ. ಬೆಳಿಗ್ಗೆ ಸಕ್ಕರೆ ಚಹ, ಮಧ್ಯಾಹ್ನ ಬಿಳಿ ಅನ್ನದ ಗುಡ್ಡ, ಸಂಜೆ ಬಜ್ಜಿ. ಅದರಲ್ಲಿ ಕಾಯಿಪಲ್ಲೆ ಎಲ್ಲಿತ್ತು, ನೀನೇ ಹೇಳು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಿನ್ನ ಅಡುಗೆಯ ನೋಟುಬುಕ್ಕು ನನ್ನ ಹತ್ತಿರ ಇದೆ. ನೀಲಿ ರಟ್ಟಿನದು, ನಿನ್ನ ಮಗಳು ಹತ್ತನೇ ಇಯತ್ತೆಯಲ್ಲಿ ಬರೆಯದೆ ಉಳಿಸಿದ ಖಾಲಿ ಹಾಳೆಗಳದು. ಹನ್ನೊಂದನೇ ಪುಟದಲ್ಲಿ ಅಗಸಿ ಚಟ್ನಿ ಮಾಡುವ ಬಗೆ ಬರೆದಿದ್ದೀ: ಅಗಸಿ ಹುರಿಯುವುದು, ಬಳ್ಳೊಳ್ಳಿ, ಒಣ ಮೆಣಸಿನಕಾಯಿ, ಚೂರು ಹುಣಸೆ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ಒತ್ತಿ ಒತ್ತಿ, ಒಂದು ಸಾಲು. "ಶ್ರಾವಣದ ಎರಡನೇ ಸೋಮವಾರ ಮುಂಜಾನಿ ಎದಿ ಹಿಡದಂಗ ಆಗೈತಿ ಅಂದ್ರು. ಉಪಾಸದ ಗ್ಯಾಸ್ ಅಂತ ತಿಳದು ಸೋಡಾ ತಂದ ಕೊಟ್ಟೆ. ಗುಳಿಗಿ ಬಿಟ್ಟಿದ್ದು ನನಗ ಗೊತ್ತಿದ್ದಿಲ್ಲ, ಆಮ್ಯಾಲ ಕಡ್ಲಿಹಿಟ್ಟಿನ ಡಬ್ಬಿ ಹಿಂದ ಸಿಕ್ಕುವು." ಡಾಕ್ಟರು ಬಿ.ಪಿ.ಗೂ ಕೊಬ್ಬಿಗೂ ಕೊಟ್ಟ ಗುಳಿಗೆಗಳನ್ನು ಅವನು ಮೂರು ತಿಂಗಳ ಹಿಂದೆಯೇ ಬಿಟ್ಟಿದ್ದ. ಯಾರೋ ಗೆಳೆಯ ಎಲೆಪುಡಿಯ ಕ್ಯಾಪ್ಸೂಲ್ ಡಬ್ಬಿ ತಂದುಕೊಟ್ಟು, ಗಿಡದಿಂದ ಬಂದದ್ದು, ಇದೊಂದಿದ್ದರೆ ಬೇರೆ ಏನೂ ಬೇಡ ಎಂದಿದ್ದನಂತೆ. ನಿನ್ನ ಆ ಸಾಲನ್ನು ನಾನು ಎಂಟನೇ ವಯಸ್ಸಿನಲ್ಲಿ ಮೊದಲ ಸಲ ಓದಿದೆ. ಅಂದಿನಿಂದ ಆ ಪುಟವನ್ನು ಎಷ್ಟು ಸಲ ತೆಗೆದು ಓದಿದ್ದೇನೋ ಲೆಕ್ಕವಿಲ್ಲ.

ಆಮೇಲೆ ನೀನು ಮಾಡಿದ್ದನ್ನು ನಿನಗೇ ಹೇಳುವುದು ಒಂದು ಥರ ನಗು ತರಿಸುತ್ತದೆ. ಕಡಾಯಿಯನ್ನು ಬೋರಲು ಹಾಕಿದೆ. ಅದೇ ಬಂಡಿಯ ಮೇಲೆ ಜೋಳದ ರೊಟ್ಟಿ, ಮೊಳಕೆ ಮಡಕಿಕಾಳಿನ ಪಲ್ಯ, ಕುದಿಸಿದ ಶೇಂಗಾ, ಹಸಿ ಮೆಂತ್ಯೆ ಸೊಪ್ಪು, ಅಗಸಿ ಚಟ್ನಿ ಇಟ್ಟೆ. ಜನ ಮೂಗು ಮುರಿದರು. "ಏನ್ ನಿಂಗವ್ವಾ, ಬಂಡಿ ಮ್ಯಾಲ ದವಾಖಾನಿ ತಗದೀ ಏನ?" ಎಂದರೆ ನೀನು, "ಹೂಂನಪಾ, ಇಲ್ಲಿ ತಿನ್ನು, ಅಲ್ಲಿಗೆ ಹೋಗೂದು ಕಡಿಮಿ ಆಕ್ಕೈತಿ" ಎನ್ನುತ್ತಿದ್ದೆಯಂತೆ. ನಲವತ್ತು ದಾಟಿದವರು ಯಾರೇ ಬರಲಿ, "ಎದಿ ಹೆಂಗೈತಿ? ಬಿ.ಪಿ. ಯಾವಾಗ ತೋರ್ಸಿದ್ದಿ?" ಎಂದು ಕೇಳದೆ ರೊಟ್ಟಿ ಕೊಡುತ್ತಿರಲಿಲ್ಲ. ಒಂದು ವರ್ಷ ಯಾಪಾರ ಅಷ್ಟಕ್ಕಷ್ಟೇ. ಮೂರನೇ ವರ್ಷಕ್ಕೆ ನಿನ್ನ ಬಂಡಿಯ ಮುಂದೆ ನಿಲ್ಲಲು ಜಾಗ ಇರಲಿಲ್ಲ.

ಆ ಬಂಡಿಯೇ ಈಗ ನಮ್ಮ ಓಣಿಯಡುಗೆ. ನಿಮ್ಮ ಕಾಲದಲ್ಲಿ ಓಣಿಗೊಂದು ನಲ್ಲಿ ಇದ್ದ ಹಾಗೆ ನಮ್ಮಲ್ಲಿ ಓಣಿಗೊಂದು ಅಡುಗೆಮನೆ. ಮಧ್ಯಾಹ್ನದ ಊಟ ಎಲ್ಲರದೂ ಅಲ್ಲೇ. ನಮ್ಮದಕ್ಕೆ ನಾನೇ ಯಜಮಾನಿ, ಮೂವತ್ತೆರಡು ವರ್ಷದಿಂದ. ಸೌಟು ನನ್ನ ಕೈಯಲ್ಲಿರುವಾಗ ಉಪ್ಪಿನ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಸೋಮವಾರ ಜೋಳ, ಮಂಗಳವಾರ ಸಜ್ಜೆ, ಬುಧವಾರ ನವಣೆಯನ್ನ, ದಿನವೂ ಎರಡು ಬಗೆ ಕಾಳು, ಒಂದು ಹಿಡಿ ಶೇಂಗಾ, ತಾಟಿನ ಅರ್ಧ ಭಾಗ ಸೊಪ್ಪು ತರಕಾರಿ. ಎಣ್ಣೆ ಇದೆ, ಆದರೆ ಒಮ್ಮೆ ಕಾಯಿಸಿದ್ದನ್ನು ಮತ್ತೆ ಒಲೆಗೆ ಇಡುವುದಿಲ್ಲ. ಹಾಲು ಹಬ್ಬಕ್ಕೆ ಮಾತ್ರ. ಅಮಾವಾಸ್ಯೆಗೊಮ್ಮೆ ಮಿರ್ಚಿ ಕರಿಯುತ್ತೇವೆ, ತಲೆಗೆ ಎರಡು. ನಾನು ಮೂರು ತಿನ್ನುತ್ತೇನೆ, ಇದನ್ನು ಯಾರಿಗೂ ಹೇಳಬೇಡ. ಬಡಿಸುವ ಮುನ್ನ "ಎದಿ ಹೆಂಗೈತಿ?" ಎಂದು ಕೇಳುವುದು ಇಲ್ಲಿ ಕಡ್ಡಾಯ. ಅದಕ್ಕೆ "ಗ್ಯಾಸ್" ಎಂಬ ಉತ್ತರ ಮಾತ್ರ ನಡೆಯುವುದಿಲ್ಲ. ಆ ಪದ ನಮ್ಮ ಓಣಿಯಲ್ಲಿ ಬೈಗುಳಕ್ಕಿಂತ ಕಡೆ.

ನಾವು ಬಹಳ ಶಾಣ್ಯಾರು ಎಂದು ತಿಳಿಯಬೇಡ. ನಮ್ಮ ತಾಯಂದಿರೂ ತಪ್ಪಿದ್ದಾರೆ. ನನ್ನ ಅಜ್ಜಿಯ ಕಾಲದಲ್ಲಿ ಎಲ್ಲವನ್ನೂ ಕ್ಯಾಪ್ಸೂಲಿಗೆ ತುಂಬುವ ಹುಚ್ಚು ಹಿಡಿದಿತ್ತು. ಬಳ್ಳೊಳ್ಳಿಯದೊಂದು, ಅರಿಶಿನದ್ದೊಂದು, ಸೊಪ್ಪಿನದೊಂದು ನುಂಗಿ, ಮೇಲೆ ಕಂಡದ್ದೆಲ್ಲ ತಿಂದರು. ಎದೆಗೆ ಅದೇನೂ ತಾಗಲಿಲ್ಲ. ಅವ್ವನ ಕಾಲದವರು ಅದಕ್ಕೆ ಸಿಟ್ಟಾಗಿ ಗುಳಿಗೆ ಎಂಬುದನ್ನೇ ಓಣಿಯಿಂದ ಹೊರಹಾಕಿದರು, ಹಾಲನ್ನೂ ಬಿಟ್ಟರು. ಎರಡು ಮೂರು ವರ್ಷದಲ್ಲಿ ಅವರಿಗೆ ಕೈಕಾಲು ಜೋಮು ಹಿಡಿಯಿತು, ಅವ್ವ ಚಪ್ಪಲಿ ಕಾಲಲ್ಲಿದೆಯೋ ಇಲ್ಲವೋ ತಿಳಿಯದೆ ನಡೆಯುತ್ತಿದ್ದಳು. ನೀವು ಬಿ-12 ಎನ್ನುತ್ತಿದ್ದಿರಲ್ಲ, ಅದರ ಕೊರತೆ. ಬರೀ ಗಿಡದ ಊಟದಲ್ಲಿ ಅದು ಸಾಲುವಷ್ಟು ಸಿಗುವುದಿಲ್ಲ. ಈಗ ಅದನ್ನು ಕೊರತೆಗುಳಿಗೆ ಎಂದು ಕರೆದು ವಾರಕ್ಕೊಮ್ಮೆ ರೊಟ್ಟಿಯ ಪಕ್ಕದಲ್ಲೇ ಬಡಿಸುತ್ತೇವೆ. ಯಾವ ಗುಳಿಗೆ ಬೇಕು, ಯಾವುದು ಬೇಡ ಎಂಬುದನ್ನು ಪಕ್ಕದ ಮನೆಯವರನ್ನಲ್ಲ, ಡಾಕ್ಟರನ್ನು ಕೇಳಬೇಕು ಎಂಬ ಇಷ್ಟು ಸಣ್ಣ ಮಾತು ಕಲಿಯಲು ನಮಗೆ ಎರಡು ತಲೆಮಾರು ಹಿಡಿಯಿತು.

ಈಗ ಅಡಿವೆಪ್ಪನ ಮಾತು. ಹುಟ್ಟಿದಾಗಿನಿಂದ ನನ್ನ ಕೈಯ ಊಟವನ್ನೇ ಉಂಡವನು. "ಸಾಯೂತನಕ ತಪ್ಪಲಾ ತಿನ್ನೂದಿದ್ರ ನನ್ನ ಆಡಿನ ಹೊಟ್ಟ್ಯಾಗ ಹುಟ್ಟಸಬೇಕಿತ್ತಬೇ" ಎಂದು ಗೊಣಗುತ್ತ ತಾಟು ಬಳಿಯುತ್ತಿದ್ದ. ನಲವತ್ತೊಂದನೇ ವರ್ಷದಲ್ಲಿ ಒಂದು ಮಧ್ಯಾಹ್ನ ಸಾಲಿನಲ್ಲಿ ನಿಂತಿದ್ದ, ಮುಖ ಬೆವರಿತ್ತು. ನಾನು ರೂಢಿಯಂತೆ ಎದೆ ಹೇಗಿದೆ ಎಂದೆ. ಅವನು ಬಾಯಿತಪ್ಪಿ, "ಸ್ವಲ್ಪ ಗ್ಯಾಸ್ ಆಗೈತವ್ವಾ" ಎಂದ. ಇಡೀ ಸಾಲು ತಿರುಗಿ ನೋಡಿತು. ನನ್ನ ಕೈಯ ಸೌಟು ಕೆಳಗೆ ಬಿತ್ತು. ಅವನ ಹಿಂದೆ ನಿಂತಿದ್ದ ಎಪ್ಪತ್ತು ದಾಟಿದ ನೆರೆಮನೆಯ ದ್ಯಾಮವ್ವ ಅವನ ರಟ್ಟೆ ಹಿಡಿದು, "ನಡಿ ಮಗನ, ಎದಿ ತೋರ್ಸಿದ ಮ್ಯಾಲ ನಾಚಿಕಿ ಮಾಡ್ಕೋವಂತಿ" ಎಂದು ಎಳೆದುಕೊಂಡೇ ಹೋದಳು. ಆಸ್ಪತ್ರೆಯ ನಾಳಗನ್ನಡಿಯಲ್ಲಿ, ಅಂದರೆ ರಕ್ತನಾಳದ ಒಳಗನ್ನು ತೋರಿಸುವ ಕನ್ನಡಿಯಲ್ಲಿ, ಒಂದು ನಾಳ ಮುಕ್ಕಾಲು ಮುಚ್ಚಿತ್ತು. ಊಟ ಸರಿಯಿದ್ದರೂ ವಂಶದ ಗುಣ ಬಿಟ್ಟಿರಲಿಲ್ಲ. ಸರಿಯಾದ ಊಟ ಅದನ್ನು ಅಷ್ಟು ವರ್ಷ ತಡೆದಿತ್ತು ಎಂದರು ಡಾಕ್ಟರು, ಇನ್ನು ಮುಂದೆ ಗುಳಿಗೆಯೂ ಬೇಕು, ಊಟವೂ ಬೇಕು ಎಂದರು. ಅವನು ಎರಡನ್ನೂ ಬಿಟ್ಟಿಲ್ಲ. ಅವತ್ತು ನಾನು ಅಡುಗೆಮನೆಗೆ ವಾಪಸು ಬಂದು ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಅತ್ತೆ.

ಈಗ ನಿನಗೆ ನನ್ನ ಸಂಕಟ ತಿಳಿದಿರಬೇಕು. ನನ್ನ ಮಗನನ್ನು ಉಳಿಸಿದ್ದು ನಿನ್ನ ಒಂದು ಸಾಲು. ನೀನು ಆ ಸಾಲು ಬರೆಯದಿದ್ದರೆ ಬಂಡಿ ಬದಲಾಗುತ್ತಿರಲಿಲ್ಲ, ಓಣಿಯಡುಗೆ ಇರುತ್ತಿರಲಿಲ್ಲ, ಆ ಪ್ರಶ್ನೆ ಕೇಳುವವರಿರುತ್ತಿರಲಿಲ್ಲ, ಅಡಿವೆಪ್ಪ ಒಂದು ಸೋಡಾ ಕುಡಿದು ಮಲಗಿಬಿಡುತ್ತಿದ್ದ. ನಿನ್ನ ಗಂಡನನ್ನು ಉಳಿಸು ಎಂದು ನಾನು ಬರೆದರೆ ನನ್ನ ಮಗನ ಬುಡಕ್ಕೇ ಕೈ ಹಾಕಿದಂತೆ. ಎರಡು ವರ್ಷ ಇದೇ ನನ್ನ ತಲೆ ತಿಂದಿತು. ಕೊನೆಗೆ ಅವನನ್ನೇ ಕೇಳಿದೆ. ಅವನು, "ಬರಿಯವ್ವಾ. ಆ ತಾಟ ಎಷ್ಟ ದಿನಾ ಅಂತ ಖಾಲಿ ಬಿಡೂದು" ಎಂದ.

ಅದಕ್ಕೇ ಬರೆಯುತ್ತಿದ್ದೇನೆ, ಕೇಳು. ಇವತ್ತೇ ಕಡ್ಲಿಹಿಟ್ಟಿನ ಡಬ್ಬಿಯ ಹಿಂದೆ ಕೈಯಾಡಿಸು. ಅಲ್ಲಿ ಗುಳಿಗೆ ಸಿಗುತ್ತವೆ. ಜಗಳಾಡು, ಬೈಯಿ, ಅವನು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಡಾಕ್ಟರ ಮುಂದೆ ಕೂರಿಸಿ ಮತ್ತೆ ಶುರು ಮಾಡಿಸು. ಆ ಕರಿ ಎಣ್ಣೆಯನ್ನು ಮನೆಗೆ ತರಬೇಡ. ಆದರೂ ಈ ಶ್ರಾವಣದ ಎರಡನೇ ಸೋಮವಾರ ಮುಂಜಾನೆ ಅವನು ಎದೆ ಹಿಡಿದುಕೊಂಡರೆ, ಅದು ಉಪವಾಸದ್ದೋ ಇನ್ನೊಂದರದೋ ಎಂದು ಯೋಚಿಸುತ್ತ ನಿಲ್ಲಬೇಡ. ೧೦೮ಕ್ಕೆ ಫೋನ್ ಮಾಡು, ಅದು ತಡವಾದರೆ ಓಣಿಯ ಆಟೋ ಕರೆ.

ಮತ್ತು ನನಗಾಗಿ, ಅಡಿವೆಪ್ಪನಿಗಾಗಿ, ಒಂದು ಉಪಕಾರ ಮಾಡು. ಅವನು ಮನೆಗೆ ಬಂದ ಮೇಲೆ ನೀಲಿ ನೋಟುಬುಕ್ಕಿನ ಹನ್ನೊಂದನೇ ಪುಟ ತೆಗೆದು ಅಗಸಿ ಚಟ್ನಿಯ ಕೆಳಗೆ ಒಂದು ಸಾಲು ಬರೆ. ಸೋಡಾ ತಂದುಕೊಟ್ಟೆ ಎಂದಲ್ಲ, ಆಟೋ ಕರೆದೆ ಎಂದು ಬರೆ. ಕಡಾಯಿ ಬೋರಲು ಹಾಕಲು ಗಂಡ ಸಾಯಲೇಬೇಕೆಂದಿಲ್ಲ. ಬದುಕಿ ಬಂದವನು ನಿನ್ನ ಜೊತೆ ನಿಂತು ರೊಟ್ಟಿ ಬಡಿಯಬಹುದು. ನೀನು ಅಂಥವಳೇ ಎಂದು ನನಗೆ ನಂಬಿಕೆ. ನಿನ್ನ ಕೈಯ ಊಟ ಐದು ತಲೆಮಾರು ಉಂಡವರು ನಾವು.

ಐವತ್ತರ ಊಟಕ್ಕೆ ಜನ ಕೂಡುತ್ತಿದ್ದಾರೆ. ಕೊನೆಯ ತಾಟು ಇನ್ನೂ ಬಡಿಸಿಲ್ಲ. ಇದನ್ನು ಹಿಂದಂಚೆಗೆ ಹಾಕಿ ಬಂದು, ನಿನ್ನ ನೋಟುಬುಕ್ಕು ತೆಗೆದು ಹನ್ನೊಂದನೇ ಪುಟದಲ್ಲಿ ಸೋಡಾ ಇದೆಯೋ ಆಟೋ ಇದೆಯೋ ನೋಡುತ್ತೇನೆ. ಆಮೇಲೆ ಬಡಿಸುತ್ತೇನೆ, ಅಥವಾ ಬಡಿಸುವುದಿಲ್ಲ.

ನಿನ್ನ,
ಕಸ್ತೂರೆವ್ವ