ಹಾಡಿನೊಳಗಿನ ಹಾರ್ನ್

ಶೆಫೀಲ್ಡ್
11 ನವೆಂಬರ್ 1996

ಪ್ರೀತಿಯ ಗ್ಲೆನಿಸ್,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಲೆಕ್ಕದ ಕಡೆಗೇ ಹೊರಳುತ್ತದೆ. ಇರಲಿ, ಅಲ್ಲಿಂದಲೇ ಶುರುಮಾಡುತ್ತೇನೆ. ಎಂಟು ನಿಮಿಷ ಹನ್ನೆರಡು ಸೆಕೆಂಡಿನ ಆ ಉದ್ದನೆಯ ಹಾಡಿಗೆ ಒಟ್ಟು ತಗುಲಿದ್ದು ಇಷ್ಟು: ಸ್ಟುಡಿಯೊ ಬಾಡಿಗೆ ಹನ್ನೊಂದು ದಿನ, ಟೇಪಿನ ಸುರುಳಿ ಆರು, ಗಡ್ಡ ಕೆರೆಯುವ ಬ್ಲೇಡು ಎರಡು ಪೊಟ್ಟಣ, ಬ್ಯಾರಿ ಕಂತಿನ ಮೇಲೆ ತಂದ ಸಿಂಥಸೈಜರ್ ವಾದ್ಯ ಒಂದು, ನನ್ನ ಕಾರ್ಪೆಟ್ ವ್ಯಾನು ಒಂದು, ನಿನ್ನ ಗಂಡ ಒಬ್ಬ. ಎದುರಂಗಡಿಯಿಂದ ತರಿಸಿದ ಕರಿದ ಮೀನು, ಆಲೂಗಡ್ಡೆ ಲೆಕ್ಕಕ್ಕಿಲ್ಲ. ಕಾಲಿನ್‌ನನ್ನು ಕೊನೆಗೆ ಬರೆದೆನೆಂದು ಬೇಸರಪಡಬೇಡ. ಬರೆಯಲು ಕಷ್ಟವಾದದ್ದನ್ನು ಕೆಳಗೆ ತಳ್ಳುವುದು ನನ್ನ ಹಳೇ ಚಾಳಿ.

ಲಂಡನ್ನಿನ ಕಂಪನಿಯವರು ಆ ಹಾಡನ್ನು ಈಗ ಸಿ.ಡಿ.ಯಲ್ಲಿ ತರುತ್ತಾರಂತೆ, ಅದಕ್ಕೆ ನಿನ್ನ ಸಹಿ ಬೇಕಂತೆ. ನಾವು ಕತ್ತರಿಸುವ ಮೊದಲಿನ ಟೇಪಿನ ಒಂದು ಪ್ರತಿ ಅವರಿಗೆ ಗೋದಾಮಿನಲ್ಲಿ ಸಿಕ್ಕಿ, ಒಳ್ಳೆಯ ಮನಸ್ಸಿನಿಂದಲೇ ನಿನಗೆ ಕಳಿಸಿದ್ದಾರೆ. ನೀನು ಕೇಳಿದ್ದೀಯ. ಕೇಳಿ ನನಗೆ ಬರೆದದ್ದು ಎರಡೇ ಸಾಲು: ಅವನ ಮಾತಿನ ಹಿಂದೆ ಕೇಳಿಸುವ ಹಾರ್ನ್ ಯಾರದು? ಅವನು 'ತಡಿ, ಬಂದೆ' ಅಂದದ್ದು ಯಾರಿಗೆ?

ಹಾರ್ನ್ ನನ್ನದು, ಗ್ಲೆನಿಸ್. ಅಂದದ್ದೂ ನನಗೇ.

ಸಂತೆಯಲ್ಲಿ ಕಾರ್ಪೆಟ್ ಕೂಗಿ ಮಾರುತ್ತಿದ್ದವನು ಬ್ಯಾಂಡಿನ ಮ್ಯಾನೇಜರ್ ಆದದ್ದು ಹೇಗೆಂದು ನಿನಗೆ ಗೊತ್ತು. ಗಿಟಾರೂ ಇಲ್ಲ, ಡ್ರಮ್ ಬಾರಿಸುವವನೂ ಇಲ್ಲ, ಕಾಲಿನ್, ಬ್ಯಾರಿ ಇಬ್ಬರೇ ಹುಡುಗರು, ಸದ್ದು ಹೊರಡಿಸುವ ಎರಡು ಪೆಟ್ಟಿಗೆ. "ಇದೇನ್ರಪ್ಪಾ, ಇಸ್ತ್ರಿ ಮಾಡೋಕೆ ಬಂದೋರ ಥರ ನಿಂತಿದೀರಾ" ಎಂದು ನಾನೇ ಮೊದಲ ದಿನ ಗೇಲಿ ಮಾಡಿದ್ದೆ. ಆಮೇಲೆ ಕಾಲಿನ್ ಬಾಯಿ ತೆರೆದು ಹಾಡಿದ. ಇವನನ್ನು ಸಾಗಿಸಲು ಒಂದು ವ್ಯಾನು ಸಾಕು, ಲಾಭ ಪೂರ್ತಿ ಉಳಿಯುತ್ತದೆ ಎಂದು ಆಗಲೇ ಲೆಕ್ಕ ಹಾಕಿದೆ.

ಫೆಬ್ರವರಿಯ ಆ ಶುಕ್ರವಾರ ಹಳೇ ಚಾಕು ಕಾರ್ಖಾನೆಯ ಮಹಡಿಯ ಸ್ಟುಡಿಯೊದಲ್ಲಿದ್ದೆವು. ಕಿಟಕಿಗೆ ಮೊಟ್ಟೆಯ ಟ್ರೇ ಅಂಟಿಸಿದ್ದರು, ಬೀದಿಯ ಸದ್ದು ತಡೆಯಲು ಇದ್ದದ್ದು ಅಷ್ಟೇ. ಸಂಜೆ ಮ್ಯಾಂಚೆಸ್ಟರಿನ ಡ್ಯಾನ್ಸ್ ಹಾಲಿನಲ್ಲಿ ಕಾರ್ಯಕ್ರಮ. ಕಾಲಿನ್‌ಗೆ ಹೊರಡಲು ಮನಸ್ಸಿರಲಿಲ್ಲ. "ಎರಡನೇ ಚರಣ ಇನ್ನೂ ಹಸಿ ಇದೆ ಕಣೋ ವಿಕ್, ಒಂದೇ ಒಂದ್ಸಲ ಹಾಡ್ತೀನಿ" ಅಂದ. "ಹಸಿ ಇದ್ರೆ ನಾಳೆ ಒಣಗಿಸೋಣ, ಕೋಟು ಹಾಕ್ಕೊ" ಎಂದು ನಾನು ಕೆಳಗಿಳಿದೆ. ಬ್ಯಾರಿ ರೈಲಿನಲ್ಲಿ ಬರುವವನಿದ್ದ. ಹೊಸ ಸಿಂಥಸೈಜರ್ ನನ್ನ ವ್ಯಾನಿನಲ್ಲಿ ಕುಲುಕಬಾರದಂತೆ, ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಾನಂತೆ. ವ್ಯಾನಿನಲ್ಲಿ ಕೂತು ಮೂರು ಸಲ ಹಾರ್ನ್ ಹೊಡೆದೆ. ಮೂರನೆಯದನ್ನು ಒತ್ತಿ ಹಿಡಿದೆ. ಕಾಲಿನ್ ಓಡಿ ಬಂದ. ಸ್ನೇಕ್ ಪಾಸ್ ಗುಡ್ಡ ಹತ್ತಿ ಇಳಿಯುವ ತಿರುವಿನಲ್ಲಿ ರಸ್ತೆ ಹೆಪ್ಪುಗಟ್ಟಿ ಗಾಜಿನಂತಿತ್ತು. ನನ್ನ ಮಣಿಕಟ್ಟು ಮುರಿಯಿತು. ಅವನ ಕಡೆಯ ಬಾಗಿಲು ಕಲ್ಲಿನ ಗೋಡೆಗೆ ಬಡಿಯಿತು. ಉಳಿದದ್ದು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಏಪ್ರಿಲ್‌ನಲ್ಲಿ ನಡೆಯಿತು. ಆ ಹಾಡಿನ ಚಿಕ್ಕ ರೆಕಾರ್ಡು ಅಲ್ಲಲ್ಲಿ ಮಾರಾಟವಾಗುತ್ತಿತ್ತು. ಡ್ಯಾನ್ಸ್ ಹಾಲಿನವರಿಗೆ ಮೂರೂವರೆ ನಿಮಿಷ ಯಾತಕ್ಕೂ ಸಾಲದು, ಹನ್ನೆರಡು ಇಂಚಿನ ರೆಕಾರ್ಡಿಗೆ ಉದ್ದದ್ದು ಮಾಡಿ ಕೊಡಿ ಎಂದು ಕಂಪನಿ ಕೇಳಿತು. ತಾಳ ಎಷ್ಟು ಬೇಕಾದರೂ ಉದ್ದವಾಗುತ್ತದೆ, ಯಂತ್ರಕ್ಕೆ ದಣಿವಿಲ್ಲ. ದನಿ ಎಲ್ಲಿಂದ ತರೋಣ? ಹಾಡಿದವನು ಮಣ್ಣಿನಲ್ಲಿದ್ದಾನೆ. ನಾನೂ ಬ್ಯಾರಿಯೂ ಆ ಶುಕ್ರವಾರದ ಟೇಪಿನ ಬಾಲವನ್ನು, ಹಾಡು ಮುಗಿದ ಮೇಲೂ ಸುಮ್ಮನೆ ಓಡಿದ ಭಾಗವನ್ನು, ಹಾಕಿ ಕೇಳಿದೆವು. ಒಂದು ಕೆಮ್ಮು, ಕುರ್ಚಿ ಎಳೆದ ಸದ್ದು. ಆಮೇಲೆ ಮೈಕಿನ ಪಕ್ಕದಲ್ಲೇ, ನಗುತ್ತಾ, "ತಡಿ, ಬಂದೆ."

ಬ್ಯಾರಿ ಎದ್ದು ಹೊರಗೆ ಹೋದ. ಬಂದು ಬ್ಲೇಡು ತೆಗೆದುಕೊಂಡ.

ಪ್ರತಿ ನಾಲ್ಕು ಸುತ್ತಿಗೊಮ್ಮೆ ಆ ಮಾತು ಬರುವಂತೆ ಕತ್ತರಿಸಿ ಅಂಟಿಸಿದೆವು. ಒಟ್ಟು ಇಪ್ಪತ್ತೆರಡು ಸಲ. ಮೊದಲೆರಡು ಹಾರ್ನನ್ನು ಕತ್ತರಿಸಿ ಎಸೆದದ್ದಾಯಿತು. ಮೂರನೆಯದು, ನಾನು ಒತ್ತಿ ಹಿಡಿದದ್ದು, ಅವನ ಮಾತಿನ ಅಡಿಗೇ ಅಂಟಿಕೊಂಡಿತ್ತು. ಅದನ್ನು ತೆಗೆದರೆ ಅವನೂ ಹೋಗುತ್ತಿದ್ದ. "ತೆಗೆಯೋದು ಬೇಡ, ಮುಚ್ಚೋಣ" ಅಂದ ಬ್ಯಾರಿ. ಸಿಂಥಸೈಜರಿನಲ್ಲಿ ಹಾರ್ನಿನದೇ ಸ್ವರ ಹುಡುಕಿ ಅದರ ಮೇಲೆ ದಪ್ಪಗೆ ಬಳಿದ. ಎದೆ ನಡುಗಿಸುವ ಆ ಒಂದು ಸ್ವರವನ್ನು ಪತ್ರಿಕೆಗಳು ಬಾಯ್ತುಂಬ ಹೊಗಳಿದವು. ಹೊಸ ಕಾಲದ ದನಿಯಂತೆ. ಕಾರ್ಪೆಟ್ ವ್ಯಾನಿನ ಹಾರ್ನ್ ಅದು.

ಆಮೇಲೆ ನಿನ್ನ ಸಹಿಗೆಂದು ನಿಮ್ಮ ಅಡುಗೆಮನೆಗೆ ಬಂದೆ. ನೀನು ಚಹಾ ಮಾಡಿದೆ, ಎರಡರ ಬದಲು ಮೂರು ಬಟ್ಟಲು ಇಟ್ಟು, ಒಂದನ್ನು ಮತ್ತೆ ಕಪಾಟಿಗೆ ಸೇರಿಸಿದೆ. ನಾನು ಟೇಪು ಕೇಳಿಸಿದೆ. "ಇದು ಯಾರಿಗೆ ಹೇಳಿದ್ದು ವಿಕ್?" ಎಂದು ನೀನು ಕೇಳಿದಾಗ ಒಂದು ಕ್ಷಣವೂ ಯೋಚಿಸಲಿಲ್ಲ. "ನಿನಗೇ ಕಣಮ್ಮ. ಗ್ಲೆನಿಸ್ ಕಾಯ್ತಿರ್ತಾಳೆ ಅಂದ, ಮೈಕಿಗೆ ಬಗ್ಗಿ ಹಾಗಂದ" ಅಂದೆ. ಸಂತೆಯಲ್ಲಿ ತೂತು ಬಿದ್ದ ಕಾರ್ಪೆಟ್ಟನ್ನು ಮಡಚಿ ತೋರಿಸುವಾಗಲೂ ನನ್ನ ದನಿ ಅಷ್ಟೇ ನಯವಾಗಿರುತ್ತಿತ್ತು. ನೀನು ಸಹಿ ಹಾಕಿದೆ. ಪ್ರತಿ ಫೆಬ್ರವರಿಯಲ್ಲಿ ಆ ರೆಕಾರ್ಡು ಹಾಕಿ, ಇಪ್ಪತ್ತೆರಡೂ ಸಲ ಅವನು ಬಾಗಿಲವರೆಗೆ ಬಂದ ಹಾಗಾಗುತ್ತದೆ ಎಂದು ಮುಂದೆ ಒಮ್ಮೆ ನೀನು ಹೇಳಿದಾಗ, ನಾನು ನನ್ನ ಶೂ ನೋಡುತ್ತಾ ನಿಂತಿದ್ದೆ.

ನನಗೂ ಬರುತ್ತಾನೆ. ಮದುವೆ ಮನೆಯಲ್ಲಿ, ಕ್ಷೌರದ ಅಂಗಡಿಯ ರೇಡಿಯೊದಲ್ಲಿ, ಪಕ್ಕದ ಮನೆಯ ಹುಡುಗಿಯ ಹುಟ್ಟುಹಬ್ಬದಲ್ಲಿ. ಎಲ್ಲರೂ ಕುಣಿಯುತ್ತಾರೆ, ನಾನು ಹಾರ್ನ್ ಒತ್ತುತ್ತೇನೆ, ಅವನು ಬಂದೆ ಎನ್ನುತ್ತಾನೆ. ಬರಬೇಡ ಕಣೋ, ಇನ್ನೊಂದ್ಸಲ ಹಾಡು ಎಂದು ಎಷ್ಟೋ ಸಲ ಗಟ್ಟಿಯಾಗಿ ಅಂದುಬಿಟ್ಟಿದ್ದೇನೆ. ಕ್ಷೌರಿಕ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದ.

ಸಹಿ ಹಾಕುವುದು, ಬಿಡುವುದು ನಿನಗೆ ಸೇರಿದ್ದು. ನೀನು ಹಾಕದಿದ್ದರೆ ನಾನೂ ಹಾಕುವುದಿಲ್ಲ. ಕಂಪನಿಯವರಿಗೆ ಈ ಮಾತು ಬರೆದು ತಿಳಿಸಿದ್ದೇನೆ.

ಕ್ಷಮೆ ಕೇಳುವ ಮುಖವಿಲ್ಲದ,
ವಿಕ್ ರೋಬಕ್

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಆ ಮಧ್ಯಾಹ್ನ ಮೂರೂವರೆಗೆ ನೀನು ಸ್ಟುಡಿಯೊಗೆ ಫೋನ್ ಮಾಡಿದೆ. "ಗುಡ್ಡದ ಮೇಲೆ ರಸ್ತೆ ಹೆಪ್ಪುಗಟ್ಟಿದೆಯಂತೆ, ಇವತ್ತು ಹೋಗ್ಬೇಡ ಅಂತ ಅವನಿಗೆ ಹೇಳು" ಅಂದೆ. ಹೇಳ್ತೀನಿ ಅಂದೆ ನಾನು. ಹೇಳಲಿಲ್ಲ. 'ನನ್ನ ಮಾತು ಕೇಳದೆ ಹೋದ' ಎಂದು ಹದಿನಾಲ್ಕು ವರ್ಷದಿಂದ ಅವನ ಗೋರಿಗೆ ಒಂದು ಹೂವನ್ನೂ ಇಟ್ಟಿಲ್ಲ ನೀನು. ಅವನ ಕಿವಿಗೆ ಅದು ಬಿದ್ದೇ ಇರಲಿಲ್ಲ. ಯಾರಿಗೆ ಏನು ಸಿಕ್ಕಿತೆಂದರೆ: ಕಂಪನಿಗೆ ಹಣ, ಬ್ಯಾರಿಗೆ ಹೆಸರು, ನನಗೆ ತೋಟವಿರುವ ಮನೆ, ನಿನಗೆ ಒಂದು ಸುಳ್ಳು, ಕಾಲಿನ್‌ಗೆ ಮಾಡದ ತಪ್ಪಿಗೆ ನಿನ್ನ ಸಿಟ್ಟು.