ತಪ್ಪಿಸಿಕೊಂಡರೆ ಸೀದಾ ಮನೆಗೆ

ಜೂನ್ 9, ಬೆಳಿಗ್ಗೆ
ಕಾಲುಚೀಲ ಇನ್ನೂ ಒಣಗಿಲ್ಲ. ಹೋಟೆಲಿನ ಹೇರ್ ಡ್ರೈಯರ್ ಹಿಡಿದು ಕೂತಿದ್ದೇನೆ. ರಜೆಗೆಂದು ವಿದೇಶಕ್ಕೆ ಬಂದು ಮಾಡುತ್ತಿರುವ ಘನಂದಾರಿ ಕೆಲಸ. ನಮ್ಮವರಿಗೆ ಹೊಸ ಹುಚ್ಚು — ಓರಿಯೆಂಟಿಯರಿಂಗ್. ನಕ್ಷೆ, ದಿಕ್ಸೂಚಿ ಕೊಟ್ಟು ಕಾಡಿಗೆ ಬಿಡುತ್ತಾರೆ. ಅಲ್ಲಲ್ಲಿ ಕಟ್ಟಿದ ಬಾವುಟ ಹುಡುಕಿಕೊಂಡು ಬರಬೇಕು.
"ಹಾರ್ಟಿಗೆ ಸ್ಟೆಂಟ್ ಹಾಕಿಸ್ಕೊಂಡೋರು ಓಡಬಾರ್ದು, ಡಾಕ್ಟ್ರು ಹೇಳಿಲ್ವಾ?"
"ಓಡಲ್ಲ ಕಣೇ, ನಡೀತೀನಿ."

ಜೂನ್ 10
ತರಬೇತಿ. ಕಲಿಸುವಾಕೆ ಎಲ್ಲರ ಕೊರಳಿಗೂ ವಿಷಲ್ ಹಾಕಿದಳು. ತೊಂದರೆಯಾದರೆ ಆರು ಸಲ ಊದಬೇಕು. ಬಾವುಟ ಸಿಗಲಿ ಬಿಡಲಿ, ಕೊನೆಗೆ ಹೊರಟಲ್ಲಿನ ಟೆಂಟಿಗೆ ಬಂದು ಮುಖ ತೋರಿಸಬೇಕು. ಇಲ್ಲದಿದ್ದರೆ ಹುಡುಕಲು ಹೊರಡುತ್ತಾರೆ. ತಲೆಯಾಡಿಸಿದೆ. ಅರ್ಧ ಕೇಳಿಸಿಕೊಂಡೆ.
ನಮ್ಮದೂ ಒಂದು ನಿಯಮವಿದೆ. ಮದುವೆಯಾದ ಹೊಸತರಲ್ಲಿ, ವಸ್ತುಪ್ರದರ್ಶನದಲ್ಲಿ, ದೀಪ ಆರಿಸುವವರೆಗೂ ಒಬ್ಬರನ್ನೊಬ್ಬರು ಹುಡುಕುತ್ತಾ ಸುತ್ತಿದ್ದೆವು. ಅಂದೇ ಇವರು ಹೇಳಿದ್ದು: "ಇನ್ಮೇಲೆ ತಪ್ಪಿಸ್ಕೊಂಡ್ರೆ ಸೀದಾ ಮನೆಗೆ." ಇಲ್ಲಿಯವರೆಗೆ ಕೈಕೊಟ್ಟಿಲ್ಲ.

ಜೂನ್ 12, ಮಧ್ಯಾಹ್ನ 3
ಒಬ್ಬೊಬ್ಬರನ್ನೇ ಬಿಟ್ಟರು. ಎರಡನೇ ಬಾವುಟಕ್ಕೇ ದಾರಿ ತಪ್ಪಿತು. ಗೊಣಗುತ್ತಾ ನಡೆದೆ... ರಸ್ತೆ ಸಿಕ್ಕಿತು, ಬಸ್ಸೂ ಬಂತು. ಸೀದಾ ರೂಮಿಗೆ. ಫೋನು ಸತ್ತಿತ್ತು, ಚಾರ್ಜಿಗೆ ಹಾಕಿದ್ದೇನೆ. ಸ್ನಾನವಾಯಿತು. ಕಾಫಿ. ಸುಖ. ಇವರಿನ್ನೂ ಬಂದಿಲ್ಲ.

4.20
ರಿಸೆಪ್ಷನ್‌ನವನು ಬಾಗಿಲು ಬಡಿದ. ಟೆಂಟಿನಿಂದ ಫೋನು. ನಾನು ಬರಲಿಲ್ಲವೆಂದು ಜನ ಹುಡುಕುತ್ತಿದ್ದಾರೆ. ಇವರೂ — ಬೇಡವೆಂದರೂ ಕೇಳದೆ ಓಡುತ್ತಾ ಕಾಡಿಗೆ ನುಗ್ಗಿದರಂತೆ.
ಓಡುತ್ತಾ.

5.30, ಟೆಂಟು
ಹೋದವರೆಲ್ಲ ವಾಪಸು. ಇವರಿಲ್ಲ. ನಾನೂ ಹೋಗುತ್ತೇನೆಂದು ಎದ್ದೆ. ಕಲಿಸುವಾಕೆ ತೋಳು ಹಿಡಿದು ಕೂರಿಸಿದಳು. ಸರಿಯೇ, ನಾನು, ಇವರು, ಮತ್ತೆ ನಾನು — ಎಷ್ಟು ಸಲ ಹುಡುಕಿಯಾಳು? ಸುಮ್ಮನೆ ಬರೆಯುತ್ತಿದ್ದೇನೆ. ಭಯವಾಗುತ್ತಿದೆ.
ವಿಷಲ್. ಎಣಿಸಿದೆ. ಆರು.

ಜೂನ್ 13
ಎದೆಗೇನೂ ಆಗಿಲ್ಲ. ಕಾಲು ಉಳುಕಿದೆ, ಅಷ್ಟೇ. ಮರಕ್ಕೆ ಒರಗಿ ಕೂತಿದ್ದರಂತೆ. ಇಬ್ಬರು ಎತ್ತಿ ತಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು — ತಲೆಗೆ ಸ್ನಾನ, ಒಗೆದ ಬಟ್ಟೆ.
"ಎಲ್ಲೇ ಹೋಗಿದ್ದೆ?"
"ನೀವೇ ಹೇಳಿದ್ರಲ್ಲ, ಸೀದಾ ಮನೆಗೆ ಅಂತ."
"ಇಲ್ಲಿ ನಮ್ಮನೆ ಎಲ್ಲಿದೆ?"
ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಜೂನ್ 16, ಸಂಜೆ
ಕಾಲುಚೀಲ ಒಣಗಿದೆ. ಇನ್ನು ಬೇಕಿಲ್ಲ. ಇವರು ಮಂಚದ ಮೇಲೆ ಮಹಾರಾಜರು, ಕೊರಳಲ್ಲಿ ವಿಷಲ್. ಹೊಸ ನಿಯಮ: ಕಾಫಿ ಬೇಕಿದ್ದರೆ ಒಂದು ಸಲ ಊದುವುದು. ನಾನು ಬಾಲ್ಕನಿಯಲ್ಲಿ. ಬಟ್ಟೆ ಮಡಿಸಿಯಾಯಿತು. ನಾಳಿದ್ದು ಊರಿಗೆ...
ಊದಿದರು. ಇಷ್ಟು ಬೇಗ ಇನ್ನೊಂದು ಕಾಫಿಯೇ?
ಎರಡು.
ಮೂರು. ನಾಲ್—