ಎರಡನೇ ಬದಿ, ಮೂರನೇ ಹಾಡು

ಬೆಡೋಕ್
ಸಿಂಗಪುರ
ಗುರುವಾರ, ೧೩ ಮಾರ್ಚ್ ೨೦೨೫

ಪ್ರೀತಿಯ ಸುನೀಲ್ ಅವರಿಗೆ,

ಶ್ರೀದೇವಿಯ ನಮಸ್ಕಾರ. ಹನ್ನೊಂದು ವರ್ಷ ಸಂಸಾರ ಮಾಡಿ ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀರಿ. ಮಾಡಿ, ನಿಮ್ಮ ಫೋನು. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ. ಟ್ಯಾಂಪಿನೀಸ್ ಮನೆಯಲ್ಲಿ ನಿಮಗೆ ರೂಮು ಕೊಟ್ಟಿರುವ ಬದರಿನಾಥ್ ಅವರ ಕೈಗೆ ಇದನ್ನೂ, ಜೊತೆಗೊಂದು ಚೀಲವನ್ನೂ ನಾಳೆ ಕೊಟ್ಟು ಬರುತ್ತೇನೆ. ಭಾನುವಾರ ನೀವು ಆಂಟ್‌ವರ್ಪ್ ಬಂದರಿನ ಕೆಲಸಕ್ಕೆ ಹೋಗುತ್ತಿದ್ದೀರಿ, ತಿರುಗಿ ಬರುವ ಟಿಕೆಟ್ ತೆಗೆಸಿಲ್ಲ ಎಂದು ಹೇಳಿದವರೂ ಅವರೇ. ಅವರನ್ನು ಬೈಯಬೇಡಿ. ಬೆಡೋಕ್ ಮಾರ್ಕೆಟ್ಟಿನ ನಡುವೆ ನಾನು ಅತ್ತುಬಿಟ್ಟೆ, ಪಾಪ ಅವರಾದರೂ ಏನು ಮಾಡಿಯಾರು.

ಮೊದಲು ಚೀಲ ಬಿಚ್ಚಿ ನೋಡಿ. ಆರು ರೆಕಾರ್ಡುಗಳಿವೆ. ಎಲ್ಲಾ ನಿಮ್ಮ ಹಾಡುಗಾರ್ತಿ ಡೆಲ್ಲಾ ಹಾರ್ಕರಳವು. ಬೇರೆ ಕಾಪಿಗಳಲ್ಲ, ನಿಮ್ಮವೇ. ಹಡಗಿನ ಹಗ್ಗದ ಚಿತ್ರವಿರುವ ಕವರಿನ ಮೇಲೆ ನಾನು ಚಹಾ ಚೆಲ್ಲಿದ ಕಲೆ ಹಾಗೇ ಇದೆ. ಏಳನೆಯದು ನನ್ನ ಹತ್ತಿರ ಇದೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಅಕ್ಟೋಬರಿನ ಕಥೆ ನಿಮಗೆ ಗೊತ್ತು. ಆದರೆ ನನ್ನ ಬಾಯಿಂದ ನೀವು ಅದನ್ನು ಕೇಳಿಲ್ಲ. ನನಗೆ ನಾಲ್ಕನೇ ತಿಂಗಳು. ಎರಡು ಸಲ ಹೋಗಿತ್ತಲ್ಲ, ಇದು ನಿಲ್ಲಲಿ ಎಂದು ಅವ್ವ ಗದಗಿನಿಂದ ಬಂದು ಕೂತಿದ್ದಳು. ನೀವು ಪಾಸಿರ್ ಪಂಜಾಂಗ್ ಬಂದರಿನಿಂದ ರಾತ್ರಿ ಪಾಳಿ ಮುಗಿಸಿ ಬಂದವರೇ ಕೈಕಾಲು ತೊಳೆದು ಆ ಇಂಗ್ಲೆಂಡಿನ ಹೆಂಗಸಿನ ರೆಕಾರ್ಡು ಹಚ್ಚುತ್ತಿದ್ದಿರಿ. ಮುಂಜಾನೆದ್ದು ಇದೇನ್ರಿ ಅಳಿಯಾರ, ಸತ್ತ ಮನಿ ಹಾಡು ಹಚ್ಚೀರಿ ಅಂತ ಅವ್ವ ಅಂದದ್ದು ನಿಜ. ಅಂದದ್ದು ಒಂದೇ ದಿನ. ನೀವು ಒಂದೊಂದು ಸಾಲಿನ ಅರ್ಥ ಬಿಡಿಸಿ ಹೇಳಿದ ಮೇಲೆ, ಪಾಪ ಆಕಿಗೂ ಭಾಳ ಕಷ್ಟ ಐತಿ, ಆದರ ಗಿಟಾರು ಮಾತ್ರ ರೊಟ್ಟಿ ಬಡದಂಗ ಬಡೀತಾಳ ನೋಡ್ರಿ ಅಂತ ನಕ್ಕಳು. ಆಮೇಲೆ ಅಲ್ಲೇ ಕೂತು ಮೆಂತೆಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು.

ಹೆದರಿಕೆ ಹತ್ತಿದ್ದು ನನಗೆ. ಎಂಬಿಎ ಓದಿ ಶಿಪ್ಪಿಂಗ್ ಆಫೀಸಿನಲ್ಲಿ ನಾಲ್ಕು ಜನರ ಮೇಲೆ ದರ್ಬಾರು ಮಾಡುವ ನನಗೆ! ಬಿಟ್ಟು ಹೋದ ಗಂಡ, ಖಾಲಿ ಮಂಚ, ನೀರು ನುಂಗಿದ ಮಗ. ಆಕೆಯ ಯಾವ ಹಾಡಿನಲ್ಲಿ ಯಾರು ಉಳಿದಿದ್ದಾರೆ ಹೇಳಿ? ಬಸುರಿ ಇರುವ ಮನೆಯಲ್ಲಿ ದಿನಾ ಅಳುವ ಹಾಡು ಹಚ್ಚಿದರೆ ಅಳು ಮನೆಯೊಳಗೇ ಉಳಿಯುತ್ತದೆ ಎಂದು ನಮ್ಮ ಓಣಿಯಲ್ಲಿ ಮುದುಕಿಯರು ಹೇಳುತ್ತಿದ್ದದ್ದು ನನ್ನ ತಲೆ ಹೊಕ್ಕಿತು. ಗುರುವಾರ ಸಂಜೆ ನೀವು ಪಾಳಿಗೆ ಹೋದ ಮೇಲೆ, ಹಾರ್ನ್ ಒತ್ತುತ್ತಾ ಹಳೇ ಪೇಪರು ಹಳೇ ಸಾಮಾನು ಕೊಳ್ಳಲು ಬರುವ ಕರಂಗ್ ಗುನಿ ಅಂಕಲ್‌ನನ್ನು ನಾನೇ ಕಾರಿಡಾರಿನಿಂದ ಕೂಗಿ ಕರೆದೆ. ಏಳನ್ನೂ ನಾನೇ ಎತ್ತಿ ಕೊಟ್ಟೆ. ಖಾಲಿ ಶೆಲ್ಫಿನ ಮೇಲೆ ಹಳೆ ಸೀರೆ ಹೊದಿಸಿ, ದೀಪಾವಳಿಗೆ ಧೂಳು ಹೊಡೀತಿದ್ದೇನೆ, ಮುಟ್ಟಬೇಡಿ ಎಂದು ನಿಮಗೆ ಸುಳ್ಳು ಹೇಳಿದೆ. ಮಗು ಉಳಿಯಲಿ ಎಂದು ಮಾಡಿದೆ. ಉಳಿಯಲಿಲ್ಲ.

ಶನಿವಾರ ಮುಂಜಾನೆ ನಾನು ಸುದ್ದಿ ಹೇಳಿದ ಕೂಡಲೇ ನೀವು ನನ್ನ ಹತ್ತಿರ ಬರಲಿಲ್ಲ, ನೇರ ಆ ಶೆಲ್ಫಿಗೆ ಹೋಗಿ ಸೀರೆ ಎಳೆದಿರಿ. ಏಳನೇದೂ ಹೋತೇನು ಅಂತ ಕೇಳಿದಿರಿ. ಅದೊಂದೇ ಮಾತು. ನನ್ನ ಮೈಯೆಲ್ಲಾ ಉರಿದುಹೋಯಿತು. ಹೊಟ್ಟೆಯೊಳಗಿನ ಕೂಸು ಹೋಗಿದೆ, ಈ ಮನುಷ್ಯನಿಗೆ ಪ್ಲಾಸ್ಟಿಕ್ ತಟ್ಟೆಯ ಚಿಂತೆ! ಅವ್ವನಿಗೆ ಆ ಹಾಡು ಆಗಿಬರಲಿಲ್ಲ, ಕೊಟ್ಟಳು ಅಂದುಬಿಟ್ಟೆ. ನಿಮ್ಮ ಹಾಳು ಶಕುನಾನ ನನ್ನ ಮನಿ ತಿಂತು ಅಂತ ನೀವು ಅವಳಿಗೆ ಅಂದಿರಿ. ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆ ಮಾತನ್ನು ತನ್ನ ಮೇಲೇ ಹೊತ್ತುಕೊಂಡು ಸೋಮವಾರ ಗದಗಿಗೆ ಹೊರಟುಹೋದಳು. ಆ ವಾರವೇ ನಾನು, ನಿಮ್ಮ ಹಾಡುವವಳ ಹತ್ತಿರವೇ ಹೋಗಿ ಇರಿ ಎಂದು ನಿಮ್ಮನ್ನೂ ಹೊರಗೆ ಹಾಕಿದೆ. ನೀವು ಮನೆ ಬಿಟ್ಟದ್ದು ಅವ್ವನಿಗೆ ಈಗಲೂ ಗೊತ್ತಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿ ಅಳಿಯಾರು ಉಂಡರೇನು ಅಂತ ಕೇಳುತ್ತಾಳೆ. ಪಾಳಿಯಲ್ಲಿದ್ದಾರೆ ಅನ್ನುತ್ತೇನೆ.

ಜನವರಿಯಲ್ಲಿ ಹುಡುಕಲು ಶುರುಮಾಡಿದೆ. ಯಾಕೆ ಎಂದು ಕೇಳಬೇಡಿ, ಮನೆ ಅಷ್ಟು ಸುಮ್ಮನಿತ್ತು. ಗುರುವಾರ ಗುರುವಾರ ಅರ್ಧ ದಿನ ರಜೆ ಹಾಕಿ ನಮ್ಮ ಬಿಲ್ಡಿಂಗಿನ ಕೆಳಗಿನ ಖಾಲಿ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಕಾದೆ. ಸೋಲ್ಡ್ ಆಲ್ರೆಡಿ ಲಾ, ಆಂಟಿ ಅಂತ ಅಂಕಲ್ ತಲೆಯಾಡಿಸಿದ. ನಾಲ್ಕನೇ ವಾರ ಕನಿಕರಪಟ್ಟು, ತಾನು ಮಾರಿದ್ದ ಅಂಗಡಿಯ ವಿಳಾಸ ಕೊಟ್ಟ. ಅಲ್ಲಿ ಆರು ಸಿಕ್ಕವು. ಏಳನೆಯದನ್ನು ಕೊಂಡಿದ್ದ ಚೀನೀ ತಾತನಿಗೆ ಅಂಗಡಿಯವನೇ ಫೋನ್ ಮಾಡಿ ಹೇಳಿ ನನಗೆ ವಿಳಾಸ ಕೊಟ್ಟ, ಅವರ ಮನೆ ನಮ್ಮಿಂದ ಮೂರೇ ಬಸ್ ಸ್ಟಾಪು. ನಾನು ಬಾಯಿ ತೆರೆಯುವ ಮೊದಲೇ ಅವರು ಅದನ್ನು ತಂದು ನನ್ನ ಕೈಗಿಟ್ಟರು. ಒಳಗೆ ಮಗುವಿನ ಫೋಟೋ ಇತ್ತು, ಎಸೆಯಲು ಮನಸ್ಸು ಬರಲಿಲ್ಲ, ಯಾರಾದರೂ ಬಂದೇ ಬರುತ್ತಾರೆ ಎಂದು ಗೊತ್ತಿತ್ತು ಅಂದರು.

ಮೂರನೇ ತಿಂಗಳಿನ ಸ್ಕ್ಯಾನು. ನಮ್ಮ ಹತ್ತಿರ ಇದ್ದದ್ದು ಅದೊಂದೇ ಫೋಟೋ, ನೀವು ಆಫೀಸಿನಲ್ಲಿ ಇಟ್ಟಿದ್ದೀರಿ ಎಂದುಕೊಂಡಿದ್ದೆ. ಹಿಂದೆ ನಿಮ್ಮ ಅಕ್ಷರ: ‘ಎರಡನೇ ಬದಿ, ಮೂರನೇ ಹಾಡು. ಪುಟ್ಟಗ ಇದು ಸೇರತೈತಿ.’

ಅವತ್ತು ನೀವು ಹುಡುಕಿದ್ದು ರೆಕಾರ್ಡನ್ನಲ್ಲ, ಈ ಫೋಟೋವನ್ನು. ಯಾಕ್ರೀ ಹೇಳಲಿಲ್ಲ? ಒಂದು ಸಲ, ಒಂದೇ ಸಲ ಬಾಯಿಬಿಟ್ಟಿದ್ದರೆ ನಾನು ಸಿಂಗಪುರದ ಕಸವನ್ನೆಲ್ಲ ಅವತ್ತೇ ಕೈಯಿಂದ ಕೆದರಿ ತರುತ್ತಿದ್ದೆ. ಮೂರು ಸಲ ನಿಮ್ಮ ಬ್ಲಾಕಿನ ಕೆಳಗೆ ಬಂದು ಕೂತು, ಲಿಫ್ಟ್ ಹತ್ತುವ ಧೈರ್ಯ ಆಗದೆ ವಾಪಸ್ ಬಂದಿದ್ದೇನೆ. ನನಗೆ ಊಟ ಸೇರುವುದಿಲ್ಲ. ಸುಮ್ಮನೆ ಹೆದರಿಸುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಅದಕ್ಕೇ ಏಳನೆಯದನ್ನು ಇಟ್ಟುಕೊಂಡಿದ್ದೇನೆ. ಬೇಕಿದ್ದರೆ ಶನಿವಾರ ಬೆಡೋಕಿಗೆ ಬನ್ನಿ. ಆ ಹಾಡನ್ನು ಒಮ್ಮೆ ಇಬ್ಬರೂ ಕೂತು ಕೇಳೋಣ. ಆಮೇಲೆ ಬೈಯಿರಿ, ಹೋಗಿ, ನಾನು ತಡೆಯುವುದಿಲ್ಲ. ನೀವು ಬರದೆ ವಿಮಾನ ಹತ್ತಿದರೆ ನಾನು ಏನಾಗುತ್ತೇನೋ ನನಗೇ ಗೊತ್ತಿಲ್ಲ. ಬನ್ನಿ. ಕಾಲಿಗೆ ಬೀಳುತ್ತೇನೆ, ಬನ್ನಿ.

ಇನ್ನೂ ನಿಮ್ಮವಳೇ ಆದ
ಶ್ರೀದೇವಿ

ಮರೆತಿದ್ದಲ್ಲ, ಮುಚ್ಚಿಟ್ಟದ್ದು: ಮಗುವನ್ನು ಉಳಿಸಲು ರೆಕಾರ್ಡು ಕೊಟ್ಟೆ ಎಂದು ಮೇಲೆ ಬರೆದಿದ್ದೇನೆ. ಕಾಗದ ಮಡಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಡಾಕ್ಟರು ಹೇಳಿದ್ದು ಶನಿವಾರ ಅಲ್ಲ, ಬುಧವಾರ. ಲಂಚ್ ಬ್ರೇಕಿನಲ್ಲಿ ಒಬ್ಬಳೇ ಹೋಗಿದ್ದೆ. ಎದೆಬಡಿತ ನಿಂತು ಎರಡು ದಿನ ಆಗಿರಬಹುದು ಅಂದರು. ಗುರುವಾರ ಹಾಡುಗಳನ್ನು ಮನೆಯಿಂದ ಹೊರಗೆ ಹಾಕಿದ್ದು, ಅಳು ಹೋದರೆ ಬಡಿತ ತಿರುಗಿ ಬಂದೀತು ಎಂಬ ಹುಚ್ಚಿಗೆ. ಶುಕ್ರವಾರ ನೀವು ಬಂದು ನನ್ನ ಹೊಟ್ಟೆಗೆ ಕೆನ್ನೆ ಹಚ್ಚಿ ಆ ಹಾಡನ್ನು ಗುನುಗಿದಿರಿ. ನನಗೆ ಗೊತ್ತಿತ್ತು. ಗೊತ್ತಿದ್ದೂ ಪೂರ್ತಿ ಹಾಡಲು ಬಿಟ್ಟೆ. ಇಷ್ಟಾದ ಮೇಲೆ ಫೋಟೋ ಮುಂದಿಟ್ಟುಕೊಂಡು ನಿಮ್ಮನ್ನು ಕರೆಯಲು ನಾನು ಯಾರು? ಚೀಲದಲ್ಲಿ ಈಗ ಆರಲ್ಲ, ಏಳಿವೆ. ಫೋಟೋ ಅದರೊಳಗೇ ಇದೆ. ನಿಮ್ಮ ರೂಮಿನಲ್ಲಿ ಪ್ಲೇಯರ್ ಇಲ್ಲ ಎಂದು ಬದರಿನಾಥ್ ಹೇಳಿದರು. ಇಲ್ಲಿ ಇದೆ. ಶನಿವಾರ ಇಡೀ ದಿನ ಬಾಗಿಲು ತೆಗೆದೇ ಇಟ್ಟಿರುತ್ತೇನೆ.